ಪಿಂಚಣಿ ಲೆಕ್ಕದಿಂದ ಸಿಕ್ಕ ಮಿದುಳಿನ ನಕ್ಷೆ

1/6
ಈ ಸಾಲು ಓದ್ತಿರೋ ಕಣ್ಣು ಮುಖದ ಮುಂದಿದೆ, ಸರಿ. ಆದ್ರೆ ಕಣ್ಣಿಂದ ಹೊರಟ ಸಂಕೇತ ಹೋಗಿ ಸೇರೋದು ಮಿದುಳಿನ ತೀರಾ ಹಿಂಭಾಗಕ್ಕೆ. ತಲೆಯ ಹಿಂದೆ ಕೈ ಇಟ್ಟು ನೋಡಿ, ಒಂದು ಉಬ್ಬು ಸಿಗುತ್ತೆ ಅಲ್ವಾ? ಅದರ ಒಳಗಡೆಯೇ ದೃಷ್ಟಿ ಕಾರ್ಟೆಕ್ಸ್ ಇರೋದು. ನಾವು ನೋಡೋ ದೃಶ್ಯದ ಒಂದು ನಕ್ಷೆ ಅಲ್ಲಿದೆ. ಅದನ್ನ ಕಂಡುಹಿಡಿದ ಕತೆ ಶುರುವಾಗೋದು ಯುದ್ಧದಲ್ಲಿ.

2/6
1904-05, ರಷ್ಯಾ-ಜಪಾನ್ ಯುದ್ಧ. ರಷ್ಯನ್ನರ ಮೋಸಿನ್ ನಗಾಂಟ್ ರೈಫಲ್‌ನ ಗುಂಡು ಬರೀ 7.62 ಮಿ.ಮೀ. ದಪ್ಪ, ಆದ್ರೆ ಭಾರೀ ವೇಗ. ಹಳೇ ಕಾಲದ ದಪ್ಪ ಸೀಸದ ಗುಂಡು ಬಿದ್ರೆ ಬುರುಡೆ ಒಡೆದೇ ಹೋಗ್ತಿತ್ತು. ಇದು ಕೆಲವು ಸಲ ಒಂದು ಕಡೆ ತೂರಿ ಇನ್ನೊಂದು ಕಡೆ ಹೊರಬರ್ತಿತ್ತು, ಸೈನಿಕ ಬದುಕಿರ್ತಿದ್ದ. ಕಣ್ಣಿಗೆ ಏನೂ ಆಗಿರ್ತಿರಲಿಲ್ಲ. ಆದರೂ ನೋಟದ ಒಂದು ಭಾಗ ಮಾಯ!

3/6
ತತ್ಸುಜಿ ಇನೋಯೆ ಆಗ ಯುವ ಕಣ್ಣಿನ ಡಾಕ್ಟರ್. ಗಾಯಗೊಂಡ ಸೈನಿಕರಿಗೆ ಎಷ್ಟು ದೃಷ್ಟಿ ಹೋಗಿದೆ ಅಂತ ಅಳೆಯೋದು ಸರ್ಕಾರ ಅವರಿಗೆ ಕೊಟ್ಟ ಕೆಲಸ. ಯಾಕೆ? ಪಿಂಚಣಿ ಲೆಕ್ಕ ಹಾಕೋಕೆ. ಇನೋಯೆ ಅಷ್ಟಕ್ಕೇ ನಿಲ್ಲಲಿಲ್ಲ. ಗುಂಡು ಒಳಹೊಕ್ಕ ಜಾಗ, ಹೊರಬಂದ ಜಾಗ ಗುರುತಿಸೋಕೆ ತಾವೇ ಒಂದು ಉಪಕರಣ ಮಾಡಿಕೊಂಡರು. ಎರಡರ ನಡುವೆ ನೇರ ಗೆರೆ ಎಳೆದರೆ, ಮಿದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆ ಅಂತ ಗೊತ್ತಾಗುತ್ತೆ. ಅದನ್ನ ಕಳೆದುಹೋದ ನೋಟದ ಜೊತೆ ತಾಳೆ ಹಾಕಿದರು.

4/6
1909ರಲ್ಲಿ ಜರ್ಮನ್ ಭಾಷೆಯಲ್ಲಿ ಫಲಿತಾಂಶ ಪ್ರಕಟವಾಯ್ತು. ನಮ್ಮ ನೋಟದ ನಟ್ಟನಡುವಿನ ಭಾಗ ಕಾರ್ಟೆಕ್ಸ್‌ನ ತುತ್ತತುದಿಯಲ್ಲಿ, ಅಂದ್ರೆ ತೀರಾ ಹಿಂದೆ ಇದೆ. ಅಂಚಿನ ನೋಟ ಮುಂದಕ್ಕೆ ಹೋಗ್ತಾ ಸಿಗುತ್ತೆ. ನಡುವಿನ ಪುಟ್ಟ ಭಾಗಕ್ಕೆ ಸಿಕ್ಕಿರೋ ಜಾಗವೇ ಜಾಸ್ತಿ. ಒಂದು ಅಕ್ಷರವನ್ನೇ ದಿಟ್ಟಿಸಿ ನೋಡ್ತಾ ನಾಲ್ಕು ಸಾಲು ಕೆಳಗಿರೋದನ್ನ ಓದೋಕೆ ಆಗುತ್ತಾ? ಆಗಲ್ಲ. ಅದಕ್ಕೆ ಇರೋ ಕಾರಣಗಳಲ್ಲಿ ಇದೂ ಒಂದು.

5/6
ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ಹೆಲ್ಮೆಟ್ ತಲೆಯ ಹಿಂದಿನ ಕೆಳಭಾಗವನ್ನ ಮುಚ್ತಿರಲಿಲ್ಲ. ಅಲ್ಲಿ ಪೆಟ್ಟು ತಿಂದವರನ್ನ ಗಾರ್ಡನ್ ಹೋಮ್ಸ್ ಮತ್ತು ವಿಲಿಯಂ ಲಿಸ್ಟರ್ ಪರೀಕ್ಷಿಸಿದರು. 1916ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲೂ ನೋಟದ ನಡುಭಾಗ ಅದೇ ಹಿಂತುದಿಯಲ್ಲಿತ್ತು. ಹೋಮ್ಸ್ ಹೆಸರು ಪ್ರಸಿದ್ಧವಾಯ್ತು, ಇನೋಯೆ ಹೆಸರು ಅಷ್ಟಾಗಿ ಯಾರಿಗೂ ಗೊತ್ತಾಗಲಿಲ್ಲ.

6/6
ಇಷ್ಟೆಲ್ಲಾ ಆದಮೇಲೂ ಅಳೆದದ್ದು ಕಳೆದುಹೋದ ನೋಟವನ್ನ ಮಾತ್ರ. ಕೆಲಸ ಮಾಡ್ತಿರೋ ಆರೋಗ್ಯವಂತ ಮಿದುಳಿನಲ್ಲಿ ಇದನ್ನ ನೋಡೋದು ಹೇಗೆ? ದಾರಿ ತೋರಿಸಿದವರಲ್ಲಿ ಒಬ್ಬರು ಇನ್ನೊಬ್ಬ ಜಪಾನಿ ವಿಜ್ಞಾನಿ, ಸೇಜಿ ಒಗಾವಾ. ಆಕ್ಸಿಜನ್ ಇರೋ ರಕ್ತ, ಆಕ್ಸಿಜನ್ ಕಳಕೊಂಡ ರಕ್ತ, ಇವೆರಡರ ಕಾಂತೀಯ ಗುಣ ಬೇರೆ ಬೇರೆ. ಎಂಆರ್‌ಐ ಯಂತ್ರದಲ್ಲಿ ಆ ವ್ಯತ್ಯಾಸ ಕಾಣುತ್ತೆ ಅಂತ 1990ರಲ್ಲಿ ಅವರ ತಂಡ ತೋರಿಸಿತು. 1992ರ ಹೊತ್ತಿಗೆ, ಬೆಳಕು ನೋಡ್ತಿರೋ ಮನುಷ್ಯರ ದೃಷ್ಟಿ ಕಾರ್ಟೆಕ್ಸ್ ಸ್ಪಂದಿಸೋದನ್ನ ಹೀಗೇ ಅಳೆದರು. ಈಗ ಯಂತ್ರದಲ್ಲಿ ಮಲಗಿದವರಿಗೆ ನಡುವಿಂದ ಹೊರಕ್ಕೆ ದೊಡ್ಡದಾಗೋ ಉಂಗುರಗಳನ್ನ ತೋರಿಸ್ತಾರೆ. ಮಿದುಳಿನ ಚಟುವಟಿಕೆ ಹಿಂದಿನಿಂದ ಮುಂದಕ್ಕೆ ಸಾಗುತ್ತೆ. ಇನೋಯೆ ಹೇಳಿದ್ದು ಅದೇ ಕ್ರಮ!

ಇವತ್ತು ಈ ನಕ್ಷೆ ನೋಡೋಕೆ ಯಾರ ತಲೆಗೂ ಗಾಯ ಆಗಬೇಕಿಲ್ಲ. ಮೊದಲ ಸಲ ಮಾತ್ರ, ಪಿಂಚಣಿಗಾಗಿ ಕಾಯ್ತಿದ್ದ ಸೈನಿಕರ ಗಾಯದಿಂದಲೇ ನಮಗದು ಸಿಕ್ಕಿದ್ದು. ಪಾಠದಲ್ಲಿ ಆ ಚಿತ್ರ ಬಂದಾಗ ಅವರನ್ನೂ ಒಂದ್ಸಲ ನೆನಪಿಸಿಕೊಳ್ಳಿ.