ಸಂತ ಅಲೋಶಿಯಸ್ ಪ್ರೌಢಶಾಲೆ, ಮಂಗಳೂರು

ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಜೆಸ್ವಿಟ್ ಗುರುಗಳು ಕಟ್ಟಿದ ಕ್ಯಾಥೋಲಿಕ್ ವಿದ್ಯಾಸಂಸ್ಥೆ. ದೀರ್ಘಕಾಲ ಗಂಡುಮಕ್ಕಳ ಶಾಲೆಯಾಗಿ ಹೆಸರಾಗಿತ್ತು. ಸ್ಥಳೀಯ ಕ್ಯಾಥೋಲಿಕರ ಕೋರಿಕೆಯ ಮೇರೆಗೆ 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದರು. 1880ರ ಜನವರಿಯಲ್ಲಿ ಶಾಲೆ-ಕಾಲೇಜು ಆರಂಭವಾಯಿತು. 1885ರಲ್ಲಿ ಅದು ಗುಡ್ಡದ ಮೇಲಿನ ಈಗಿನ ನಿವೇಶನಕ್ಕೆ ಬಂತು. ಯುವಜನರ ಪಾಲಕ ಸಂತ ಅಲೋಶಿಯಸ್ ಗೊನ್ಸಾಗನ (1568–1591) ಹೆಸರನ್ನು ಸಂಸ್ಥೆಗೆ ಇಡಲಾಗಿದೆ.

ಪರಂಪರೆ: ಆವರಣದ ಪ್ರಾರ್ಥನಾಲಯ ಇಲ್ಲಿನ ದೊಡ್ಡ ಸಂಪತ್ತು. ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ (1854–1905) 1899ರಿಂದ ಇದರ ಗೋಡೆ, ಕಮಾನು, ಒಳಛಾವಣಿಗಳನ್ನು ಚಿತ್ರಗಳಿಂದ ತುಂಬಿದ. ಇಲ್ಲಿ ಹಸಿಗಾರೆಯ ಭಿತ್ತಿಚಿತ್ರಗಳೂ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳೂ ಇವೆ. ಒಳಛಾವಣಿಯಲ್ಲಿ ಅಲೋಶಿಯಸನ ಜೀವನ ಮೂಡಿದೆ. 1913ರಲ್ಲಿ ಆರಂಭವಾದ 'ಅಲೋಶಿಯಂ' ವಸ್ತುಸಂಗ್ರಹಾಲಯವೂ ಈ ಸಂಸ್ಥೆಯದೇ.

ಸಮುದಾಯ ಜೀವನ: ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಕುಟುಂಬಗಳ ಮಕ್ಕಳ ಜೊತೆಗೆ ಹಿಂದೂ, ಜೈನ, ಮುಸ್ಲಿಮ್ ಮನೆಗಳ ತುಳು, ಕನ್ನಡ, ಬ್ಯಾರಿ ಮಾತಿನ ಹುಡುಗರೂ ಇಲ್ಲಿ ಕಲಿತರು. ಪಾಲಕ ಸಂತನ ಹಬ್ಬ ಜೂನ್ 21ರಂದು ಬರುತ್ತದೆ.

1990ರಲ್ಲಿ ಇಲ್ಲಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದ ಕಾದಂಬರಿಕಾರ ಅರವಿಂದ ಅಡಿಗ 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದರು. ಇದೇ ಪರಂಪರೆಯ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು.