ಕೋಳಿಯ ಗೆಡ್ಡೆಯಿಂದ ಇಮ್ಯಾಟಿನಿಬ್‌ವರೆಗೆ

ಕೈನೇಸ್ ಎಂಬ ಕಿಣ್ವಗಳನ್ನು ತಡೆದು ಕ್ಯಾನ್ಸರನ್ನು ಹತೋಟಿಗೆ ತರುವ ಇಂದಿನ ಔಷಧಗಳ ಮೂಲವನ್ನು ಹುಡುಕುತ್ತ ಹೋದರೆ ಅದು ಕೋಳಿ, ಇಲಿಗಳಿಗೆ ತಗಲುವ ವೈರಾಣುಗಳ ಪ್ರೋಟೀನುಗಳಿಗೆ ಹೋಗಿ ಮುಟ್ಟುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್, ಕೋಳಿಯ ಗೆಡ್ಡೆಯನ್ನು ಅರೆದು, ಜೀವಕೋಶಗಳು ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿದ ರಸವನ್ನು ಚುಚ್ಚಿದರೂ ಬೇರೆ ಕೋಳಿಗಳಲ್ಲಿ ಗೆಡ್ಡೆ ಏಳುತ್ತದೆಂದು 1911ರಲ್ಲಿ ಪ್ರಕಟಿಸಿದರು. ಕೋಳಿಯ ರೋಗಕ್ಕೂ ಮನುಷ್ಯರ ಕ್ಯಾನ್ಸರಿಗೂ ನಂಟಿಲ್ಲವೆಂದು ಹಲವು ಸಮಕಾಲೀನರು ಈ ಶೋಧವನ್ನು ಬದಿಗಿರಿಸಿದರು. ನೊಬೆಲ್ ಪುರಸ್ಕಾರ ಬಂದದ್ದು 1966ರಲ್ಲಿ, ರೌಸ್ ಅವರ 87ನೆಯ ವಯಸ್ಸಿನಲ್ಲಿ.

ಗೆಡ್ಡೆ ಎಬ್ಬಿಸುವ ಸಾರ್ಕ್ ಎಂಬ ಜೀನ್ ರೌಸ್ ಸೋಸಿದ ರಸದಲ್ಲಿದ್ದ ವೈರಾಣುವಿನ ಸ್ವಂತದ್ದಲ್ಲ, ಹಿಂದೆಂದೋ ಕೋಳಿಯ ಆರೋಗ್ಯವಂತ ಜೀವಕೋಶದಿಂದಲೇ ಎತ್ತಿಕೊಂಡದ್ದು ಎಂಬುದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ತೋರಿಸಿದ ಮೇಲೆ ಇಡೀ ಪ್ರಶ್ನೆಯೇ ಬದಲಾಯಿತು. ಆ ಜೀನಿನ ಪ್ರೋಟೀನ್ ಒಂದು ಕೈನೇಸ್, ಅಂದರೆ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸಿ ಅದರ ನಡವಳಿಕೆಯನ್ನು ಬದಲಿಸುವ ಕಿಣ್ವ ಎಂದು 1978ರಲ್ಲಿ ತಿಳಿಯಿತು. ಹೀಗೆ ಫಾಸ್ಫೇಟು ಅಂಟುವುದು ಸೆರಿನ್, ಥ್ರಿಯೊನಿನ್ ಎಂಬ ಅಮೈನೋ ಆಮ್ಲಗಳಿಗೆ ಎಂಬ ನಂಬಿಕೆ ಆಗ ಬಲವಾಗಿತ್ತು. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಟೋನಿ ಹಂಟರ್ 1979ರಲ್ಲಿ ಪಾಲಿಯೋಮಾ ಎಂಬ ಇಲಿಯ ವೈರಾಣುವಿನ ಪ್ರೋಟೀನನ್ನು ಪರೀಕ್ಷಿಸುವಾಗ, ಹೊಸದಾಗಿ ಕಲಸದೆ ಮತ್ತೆ ಬಳಸಿದ ದ್ರಾವಣದ ಆಮ್ಲೀಯತೆ ಹೆಚ್ಚಿದ್ದರಿಂದಲೇ ಥ್ರಿಯೊನಿನ್ ಜೊತೆ ಬೆರೆತುಹೋಗುತ್ತಿದ್ದ ಮೂರನೆಯ ಗುರುತು ಪ್ರತ್ಯೇಕವಾಗಿ ಕಂಡಿತು, ಅದು ಟೈರೋಸಿನ್. ಸಾರ್ಕ್ ಕೂಡ ಟೈರೋಸಿನ್‌ಗೇ ಫಾಸ್ಫೇಟ್ ಅಂಟಿಸುತ್ತದೆಂಬುದು ಬೇಗನೆ ಖಚಿತವಾಯಿತು. ಆಕಸ್ಮಿಕವನ್ನು ಅಲಕ್ಷಿಸದೆ ಅದರ ಕಾರಣವನ್ನು ಶೋಧಿಸಿದ್ದೇ ಇಲ್ಲಿನ ನಿಜವಾದ ಸಾಧನೆ.

ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ಏಬಲ್ಸನ್ ವೈರಾಣುವಿನ ಪ್ರೋಟೀನೂ ಟೈರೋಸಿನ್ ಕೈನೇಸ್ ಎಂದು ಓವೆನ್ ವಿಟೆ ಮತ್ತು ಡೇವಿಡ್ ಬಾಲ್ಟಿಮೋರ್ ಅವರ ತಂಡ 1980ರಲ್ಲಿ ಕಂಡುಕೊಂಡಿತು. ಮನುಷ್ಯರ ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೇಮಿಯಾಕ್ಕೆ ಯಾವ ವೈರಾಣುವೂ ಕಾರಣವಲ್ಲ. ಆದರೆ ಆ ರೋಗಿಗಳಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುವುದನ್ನು ಜಾನೆಟ್ ರೌಲಿ 1973ರಲ್ಲೇ ಗುರುತಿಸಿದ್ದರು, ಮತ್ತು ಹಾಗೆ ಕತ್ತರಿಸಿ ಕೂಡಿದ ಜಾಗದಲ್ಲಿ ಇದ್ದದ್ದು ಏಬಲ್ಸನ್ ವೈರಾಣು ಇಲಿಯಿಂದ ಎತ್ತಿಕೊಂಡಿದ್ದ ಅದೇ ಜೀನಿನ ಮಾನವ ರೂಪ. ಇಲಿಯ ವೈರಾಣುವಿನ ಅಧ್ಯಯನವಿಲ್ಲದೆ ಈ ಜೀನಿನ ಕೆಲಸ ಇಷ್ಟು ಬೇಗ ಅರ್ಥವಾಗುತ್ತಿರಲಿಲ್ಲ.

ಎಟಿಪಿ ಬಂದು ಕೂರುವ ಜಾಗವನ್ನು ಮುಚ್ಚಿ ಈ ಜೀನಿನ ಕೈನೇಸನ್ನು ನಿಲ್ಲಿಸುವ ಇಮ್ಯಾಟಿನಿಬ್ ಎಂಬ ರಾಸಾಯನಿಕವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ-ಗೈಗಿ ಕಂಪನಿಯ ವಿಜ್ಞಾನಿಗಳು ರೂಪಿಸಿದರು. ಆರೆಗಾನಿನ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ ಈ ಲ್ಯುಕೇಮಿಯಾದ 54 ರೋಗಿಗಳ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. ಅಮೆರಿಕ 2001ರ ಮೇ ತಿಂಗಳಲ್ಲಿ ಮಾರಾಟಕ್ಕೆ ಅನುಮತಿಯಿತ್ತಿತು. ಭಾರತದಲ್ಲಿ ಈ ಔಷಧದ ಸ್ಫಟಿಕರೂಪಕ್ಕೆ ಸೀಬಾ-ಗೈಗಿಯ ಉತ್ತರಾಧಿಕಾರಿ ಕಂಪನಿ ನೊವಾರ್ಟಿಸ್ ಕೋರಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿದ್ದರಿಂದ, ದೇಶೀಯ ಕಂಪನಿಗಳು ಬಹಳ ಕಡಿಮೆ ಬೆಲೆಗೆ ಈ ಮಾತ್ರೆಯನ್ನು ತಯಾರಿಸುವುದು ಮುಂದುವರಿಯಿತು.