ಒಂದಾಣೆಯ ಉಪಾಹಾರದಿಂದ ಮಧ್ಯಾಹ್ನದ ಪಂಕ್ತಿಯವರೆಗೆ

ಹಸಿದ ಮಗುವಿನ ತಲೆಗೆ ಅಕ್ಷರ ಹತ್ತದೆಂಬುದು ಎಲ್ಲರೂ ಬಲ್ಲ ಸತ್ಯ. ಆದರೆ ಅದಕ್ಕಾಗಿ ಸಾರ್ವಜನಿಕ ಬೊಕ್ಕಸದಿಂದ ಹಣ ತೆಗೆದಿಟ್ಟವರು ವಿರಳ. 1920ರಲ್ಲಿ, ಸರ್ ಪಿ. ತ್ಯಾಗರಾಯ ಚೆಟ್ಟಿಯವರು ಮದರಾಸು ನಗರಸಭೆಯ ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಪ್ರದೇಶದ ನಗರಸಭಾ ಶಾಲೆಯ ಮಕ್ಕಳಿಗೆ ದಿನವೊಂದಕ್ಕೆ ತಲಾ ಒಂದಾಣೆ ಮೀರದ ವೆಚ್ಚದಲ್ಲಿ ಉಪಾಹಾರ ನೀಡುವ ನಿರ್ಣಯವಾಯಿತು. ಮುಂದೆ ಇನ್ನೂ ನಾಲ್ಕು ಶಾಲೆಗಳಿಗೆ ಅದು ವಿಸ್ತರಿಸಿತು; ಮಕ್ಕಳ ಸಂಖ್ಯೆಯೂ ಏರಿತು. ಆದರೆ ಪ್ರಾಥಮಿಕ ಶಿಕ್ಷಣ ನಿಧಿಯಿಂದ ಈ ವೆಚ್ಚವನ್ನು ಭರಿಸಲು ಆಂಗ್ಲ ಸರಕಾರ ಸಮ್ಮತಿಸಲಿಲ್ಲ. 1925ರಲ್ಲಿ ಒಲೆ ಆರಿತು.

ಅದು ಮತ್ತೆ ದೊಡ್ಡ ಪ್ರಮಾಣದಲ್ಲಿ ಹೊತ್ತಿಕೊಂಡದ್ದು 1956ರಲ್ಲಿ, ಕೆ. ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ. ಶಿಕ್ಷಣಾಧಿಕಾರಿ ಎನ್. ಡಿ. ಸುಂದರವಡಿವೇಲು ಅವರು ಈ ಕಾರ್ಯದಲ್ಲಿ ಅವರಿಗೆ ಹೆಗಲು ಕೊಟ್ಟರು. ಊರವರ ದೇಣಿಗೆಯೂ ಸರಕಾರದ ಅನುದಾನವೂ ಕೂಡಿ ಅನ್ನವಾಯಿತು. ಅರವತ್ತರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವೂ ಬಂದಿತು: ಹಾಲಿನ ಪುಡಿ, ಗೋಧಿ ನುಚ್ಚು, ಮೆಕ್ಕೆಜೋಳದ ಹಿಟ್ಟು. ನಮ್ಮವರ ನಾಲಗೆಗೆ ಇವೆಲ್ಲ ಅಪರಿಚಿತ. ಆದರೂ ಕನ್ನಡ ನಾಡಿನ ಶಾಲೆಗಳಲ್ಲಿ ಆ ಹಳದಿ ರವೆಗೆ ಸಾಸಿವೆ, ಮೆಣಸಿನಕಾಯಿಯ ಒಗ್ಗರಣೆ ಬಿದ್ದು ಅದು ಉಪ್ಪಿಟ್ಟಾಯಿತು. ಅಂದು ಓದಿದ ಹಿರಿಯರು ಇಂದಿಗೂ ಅದರ ಪರಿಮಳವನ್ನು ನೆನೆಯುವುದುಂಟು. ಪರದೇಶದ ಧಾನ್ಯವನ್ನು ಮಕ್ಕಳ ಹೊಟ್ಟೆಗೆ ತಲುಪಿಸಿದ್ದು ಯಾವ ತಜ್ಞರ ವರದಿಯೂ ಅಲ್ಲ, ಒಂದು ಚಮಚ ಒಗ್ಗರಣೆ!

1982ರ ಜುಲೈ 1ರಂದು ಎಂ. ಜಿ. ರಾಮಚಂದ್ರನ್ ಅವರು ತಮಿಳುನಾಡಿನಲ್ಲಿ ಪೌಷ್ಟಿಕ ಆಹಾರ ಯೋಜನೆಯನ್ನು ಆರಂಭಿಸಿದರು. ಬಾಲ್ಯದಲ್ಲಿ ಹಸಿವನ್ನುಂಡವರು ಅವರು. ಅನ್ನ, ಬೇಳೆ, ತರಕಾರಿ ಎಂಬ ಮನೆಯೂಟವೇ ಅಲ್ಲಿಯೂ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಯಥೇಚ್ಛ. ಬೇಳೆಯಲ್ಲಿ ಸಾಲದ ಮೆಥಿಯೋನಿನ್ ಅಕ್ಕಿಯಲ್ಲಿದೆ. ಅನ್ನ-ಹುಳಿಯ ಸಾಂಗತ್ಯವನ್ನು ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು. ಅಡುಗೆಯ ಕೆಲಸದಲ್ಲಿ ವಿಧವೆಯರಿಗೂ ನಿರ್ಗತಿಕ ಸ್ತ್ರೀಯರಿಗೂ ಆದ್ಯತೆ ದೊರೆತದ್ದರಿಂದ ಎಷ್ಟೋ ಮನೆಗಳ ಒಲೆಯೂ ಉರಿಯಿತು.

2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ನೀಡಬೇಕೆಂದು ಆದೇಶಿಸಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ 200 ದಿನಗಳು. ಅದುವರೆಗೆ ಅನೇಕ ರಾಜ್ಯಗಳು ಒಣ ಧಾನ್ಯವನ್ನು ಅಳೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. ಕರ್ನಾಟಕದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ಹಾಲೂ, 2024ರಲ್ಲಿ ಆ ಹಾಲಿಗೆ ರಾಗಿಯೂ ಸೇರಿದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ದಾಸರ ನಾಡಿನಲ್ಲಿ ರಾಗಿ ಇಷ್ಟು ತಡವಾಗಿ ಶಾಲೆಗೆ ಬಂದದ್ದೇ ಅಚ್ಚರಿ.

ಈ ಇತಿಹಾಸದಲ್ಲಿ ಕಹಿಯೂ ಇದೆ. ಅಡುಗೆಯವರ ಜಾತಿಯನ್ನು ನೆಪವಾಗಿಸಿ ಮಕ್ಕಳನ್ನು ಊಟಕ್ಕೆ ಕಳುಹಿಸದ ಪೋಷಕರು ಹಲವು ಊರುಗಳಲ್ಲಿ ಕಂಡುಬಂದರು. ಬಿಸಿ ಅನ್ನದೆದುರು ಕುಳಿತ ಮಗುವನ್ನು ಎಬ್ಬಿಸಿ ಕರೆದೊಯ್ಯುವ ಆಚಾರ ಯಾವುದೆಂದು ಅವರೇ ಹೇಳಬೇಕು. ಮೊಟ್ಟೆಯ ವಿವಾದ ಇನ್ನೊಂದು ಬಗೆಯದು. ತಮಿಳುನಾಡು 1989ರಿಂದಲೂ ಮೊಟ್ಟೆ ಕೊಡುತ್ತ, ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನು ಕೊಡುವ ದಾರಿ ಹಿಡಿಯಿತು. ಕರ್ನಾಟಕದಲ್ಲಿ ಬಾಳೆಹಣ್ಣು, ಕೆಲಕಾಲ ಶೇಂಗಾ ಚಿಕ್ಕಿಯೂ ಇತ್ತು. ತನ್ನ ಮನೆಯ ನಿಯಮವನ್ನು ತಾನು ಪಾಲಿಸುವುದು ಶ್ರದ್ಧೆ. ಅದನ್ನೇ ನೆರೆಯ ಬಡಮಗುವಿನ ತಟ್ಟೆಯ ಮೇಲೆ ಹೇರುವುದು ಬೇರೆಯೇ ಮಾತು. ಆಯ್ಕೆಯನ್ನು ಉಳಿಸಿದ ಈ ಏರ್ಪಾಡು ಇಬ್ಬರನ್ನೂ ಗೌರವಿಸುತ್ತದೆ.

ಒಂದಾಣೆಯ ನಿರ್ಣಯವಾಗಿ 102 ವರ್ಷ ಕಳೆದ ಮೇಲೆ, 2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ಬೆಳಗಿನ ಉಪಾಹಾರ ಮತ್ತೆ ಆರಂಭವಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಅದು ರಾಜ್ಯದಾದ್ಯಂತ ಹರಡಿತು. ತಟ್ಟೆಗೆ ಬಂದದ್ದು ಉಪ್ಪಿಟ್ಟು, ಖಿಚಡಿ, ಪೊಂಗಲ್, ಜೊತೆಗೆ ತರಕಾರಿಯ ಸಾಂಬಾರು.